ಕಕ್ಕಡದ ಮಳೆಯಲ್ಲಿ ಕೌದಿ: ಇಸ್ತ್ರಿ ಯಾವಾಗ ಬೇಕು, ಯಾವಾಗ ಬೇಡ?

ಕಕ್ಕಡ ಬಂತೆಂದರೆ ಕೊಡಗಿನಲ್ಲಿ ಒಗೆದ ಬಟ್ಟೆಗೆ ಬಿಸಿಲು ಸಿಗುವುದಿಲ್ಲ, ಒಲೆಯ ಕಾವೇ ಗತಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಹಳೆಯ ಕಾಟನ್ ಸೀರೆ, ಟೈಲರ್ ಅಂಗಡಿಯ ಚೂರುಗಳನ್ನು ಹರವಿಕೊಂಡು ಕೌದಿಗೆ ಕೂತವರಿಗೆ ಬೇಗನೆ ಒಂದು ಪ್ರಶ್ನೆ ಏಳುತ್ತದೆ: ಒಂದೊಂದು ಹೊಲಿಗೆಗೂ ಎದ್ದುಹೋಗಿ ಇಸ್ತ್ರಿ ಹಾಕಬೇಕೆ?

ಅದು ಹೊಲಿಯುವ ಬಗೆಯನ್ನು ಅವಲಂಬಿಸಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಅಡಿಬಟ್ಟೆಯ ಮೇಲೆ ತುಂಡು ಇಟ್ಟು, ಅಂಚನ್ನು ಒಳಕ್ಕೆ ಮಡಚಿ, ಕೈಯಲ್ಲೇ ಸೂಜಿ ಓಡಿಸುತ್ತಾರೆ. ಮೂಲೆಯಿಂದ ಶುರುವಾದ ಹೊಲಿಗೆ ಅಂಚನ್ನು ಸುತ್ತುತ್ತಾ ನಡುವಿಗೆ ಬರುತ್ತದೆ. ಒತ್ತೊತ್ತಾದ ಆ ಸಾಲುಗಳೇ ಮಡಿಕೆಯನ್ನು ಅದುಮಿ ಹಿಡಿಯುವುದರಿಂದ ಉಗುರಿನಲ್ಲಿ ಗೀರಿದರೆ ಸಾಕು, ಇಸ್ತ್ರಿಗೆ ಅಲ್ಲಿ ಕೆಲಸವಿಲ್ಲ.

ಮಿಷನ್‌ನಲ್ಲಿ ಚೌಕಕ್ಕೆ ಚೌಕ ಜೋಡಿಸುವವರ ಲೆಕ್ಕ ಬೇರೆ. ಇಲ್ಲಿ ಕಾಲು ಇಂಚು ಮಾರ್ಜಿನ್ ಬಿಟ್ಟು ಹೊಲಿದ ತುಂಡನ್ನು ಬಿಡಿಸಿದಾಗ ಹೊಲಿಗೆಯ ಬುಡದಲ್ಲಿ ಒಂದು ಸಣ್ಣ ಮಡಿಕೆ ಉಳಿಯುತ್ತದೆ. ಅದು ಒಂದೊಂದು ಹೊಲಿಗೆಯಲ್ಲಿ ಒಂದೇ ಮಿಲಿಮೀಟರ್ ನುಂಗಿದರೂ 12 ತುಂಡಿನ ಸಾಲು 11 ಮಿಲಿಮೀಟರ್ ಗಿಡ್ಡವಾಗುತ್ತದೆ. ಪಕ್ಕದ ಸಾಲಿನ ಮೂಲೆಗಳು ಕೂಡುವುದೇ ಇಲ್ಲ.

ಯಾವಾಗ?

ಒಂದು ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಯುವ ಮುನ್ನ. ಹಾಯ್ದ ಮೇಲೆ ಒಳಗಿನ ಮಡಿಕೆ ಬಿಡಿಸಲು ಬರುವುದಿಲ್ಲ. ಹಾಗೆಂದು ಪ್ರತಿ ಸಲ ಏಳಬೇಕಿಲ್ಲ. ಇಪ್ಪತ್ತು ಮೂವತ್ತು ಜೋಡಿ ಹೊಲಿದಿಟ್ಟುಕೊಂಡು, ಕರೆಂಟು ಇದ್ದಾಗ ಒಟ್ಟಿಗೆ ಮುಗಿಸಬಹುದು.

ಹೇಗೆ?

ತುಂಡುಗಳನ್ನು ಬಿಡಿಸದೆ, ಹೊಲಿದ ಹಾಗೆಯೇ ಒಮ್ಮೆ ಅದುಮಿ. ದಾರ ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಬಿಡಿಸಿ, ಬಟ್ಟೆಯ ಹೊರಮೈ ಕಡೆಯಿಂದ ಅದುಮಿ. ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಗೆ ಎಳೆಯುವಂತೆ ಎಳೆಯಬೇಡಿ. ಎತ್ತಿ ಇಡಿ, ಎತ್ತಿ ಇಡಿ. ತ್ರಿಕೋನದ ಓರೆ ಅಂಚು ಎಳೆದರೆ ಹಿಗ್ಗುತ್ತದೆ, ಆವಿ ತಗುಲಿದರೆ ಇನ್ನಷ್ಟು. ಅಂಥ ಅಂಚು ಹೊಲಿಗೆಯೊಳಗೆ ಸೇರುವವರೆಗೂ ಉಗುರೇ ಸಾಕು.

ಯಾವ ಕಡೆಗೆ?

ಸಾಮಾನ್ಯವಾಗಿ ಎರಡೂ ಮಾರ್ಜಿನ್ ಗಾಢ ಬಣ್ಣದ ಕಡೆಗೆ. ತಿಳಿ ಬಟ್ಟೆಯ ಅಡಿಯಲ್ಲಿ ಗಾಢ ಅಂಚು ನೆರಳಿನಂತೆ ಕಾಣುವುದು ಇದರಿಂದ ತಪ್ಪುತ್ತದೆ. ಒಂದು ಸಾಲಿನ ಮಾರ್ಜಿನ್‌ಗಳನ್ನು ಎಡಕ್ಕೆ, ಮುಂದಿನ ಸಾಲಿನವನ್ನು ಬಲಕ್ಕೆ ಮಲಗಿಸಿದರೆ ಕೂಡುವ ಜಾಗದಲ್ಲಿ ಉಬ್ಬಿಗೆ ಉಬ್ಬು ತಗುಲಿ ನಿಲ್ಲುತ್ತದೆ, ಮೂಲೆ ಜಾರುವುದಿಲ್ಲ. ಆರೆಂಟು ಹೊಲಿಗೆ ಒಂದೇ ಬಿಂದುವಿಗೆ ಬಂದು ಗಂಟಿನಂತೆ ದಪ್ಪಗಾದರೆ ಮಾತ್ರ ಮಾರ್ಜಿನ್ ಇಬ್ಭಾಗ ಮಾಡಿ ಅಗಲಿಸಿ. ಕೈಹೊಲಿಗೆಗೆ ಇದು ಬೇಡ. ಟಾಕಿನ ನಡುವಿನ ಸಂದು ತೆರೆದುಕೊಳ್ಳುತ್ತದೆ.

ಮಳೆಗಾಲದ ಎಚ್ಚರ

ಗಾಳಿಯಲ್ಲೇ ನೀರಿರುವಾಗ ಆವಿ ಇಸ್ತ್ರಿ ಬೇಡ, ಒಣ ಬಿಸಿಯೇ ಒಳ್ಳೆಯದು. ಅದುಮಿದ ತುಂಡನ್ನು ಪೂರ್ತಿ ಆರಿದ ಮೇಲೆಯೇ ಮಡಚಿಡಿ. ತೇವ ಉಳಿದರೆ ಮಡಿಕೆಯೂ ನಿಲ್ಲದು, ಬೂಷ್ಟೂ ಹಿಡಿಯುತ್ತದೆ. ಕತ್ತರಿಸುವ ಮುನ್ನ ಗಂಜಿ ಹಾಕಿದರೆ ಓರೆ ತುಂಡು ಮಾತು ಕೇಳುತ್ತದೆ, ಆದರೆ ಗಂಜಿ ಹುಳುವಿಗೂ ಬೂಷ್ಟಿಗೂ ಆಹಾರ. ಕೌದಿ ಮುಗಿದೊಡನೆ ಒಗೆದುಬಿಡಿ. ಇದ್ದಿಲ ಪೆಟ್ಟಿಗೆಯಾದರೆ ಬೂದಿ ಕೊಡವಿ, ಮೇಲೊಂದು ತೆಳು ಕಾಟನ್ ಬಟ್ಟೆ ಹಾಸಿ ಅದುಮಿ. ಕಾಟನ್‌ಗೆ ಬೇಕಾದ ಬಿಸಿಗೆ ಪಾಲಿಯೆಸ್ಟರ್ ಮುದುಡಿ ಹಾಳಾಗುತ್ತದೆ. ಬೆರಕೆ ಚೂರಿದ್ದರೆ ಮೊದಲು ಮೂಲೆಯೊಂದರಲ್ಲಿ ನೋಡಿ. ಒಳಗೆ ಪಾಲಿಯೆಸ್ಟರ್ ನಾರು ತುಂಬಿ ಮೂರು ಪದರ ಕೂಡಿಸಿದ ಮೇಲಂತೂ ಇಸ್ತ್ರಿಯ ತಂಟೆಗೆ ಹೋಗಬೇಡಿ.

ಸರಿಯಾಯಿತೇ ಎಂದು ಟೇಪೇ ಹೇಳುತ್ತದೆ. 5 ಇಂಚಿನ ಎರಡು ಚೌಕ ಕೂಡಿದರೆ 9½, ನಾಲ್ಕು ಕೂಡಿದರೆ 18½ ಇಂಚು ಬರಬೇಕು. ಕಮ್ಮಿ ಬಂತೇ? ಹೊಲಿಗೆ ಬಿಚ್ಚುವ ಮೊದಲು ಇನ್ನೊಮ್ಮೆ ಅದುಮಿ ಅಳೆಯಿರಿ. ಕಳೆದುಹೋದ ಅಳತೆ ಮಡಿಕೆಯೊಳಗೇ ಅಡಗಿದ್ದೀತು.