ತಟ್ಟೆಯ ಹಿಂಬದಿಯಿಂದ ಎದ್ದು ಬಂದ ಹಾಡು

ಕ್ಯಾಸೆಟ್ಟು, ಸಿ.ಡಿ.ಗಳು ಬರುವ ಮುನ್ನ ಗ್ರಾಮಫೋನ್ ತಟ್ಟೆಗಳ ಕಾಲವೊಂದಿತ್ತು. ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ 'ಸಿಂಗಲ್' ಎಂದು ಕರೆಯುವ ಚಿಕ್ಕ ತಟ್ಟೆಯಲ್ಲಿ ಸಾಮಾನ್ಯವಾಗಿ ಎರಡೇ ಹಾಡು. ಓಡುತ್ತದೆ ಎಂದು ಕಂಪೆನಿ ನಂಬಿದ ಹಾಡು ಮುಂಬದಿಗೆ, ಜಾಗ ತುಂಬಿಸಲು ಬೇಕಾದ ಇನ್ನೊಂದು ಹಿಂಬದಿಗೆ. ರೇಡಿಯೋದವರು ನುಡಿಸುತ್ತಿದ್ದುದೂ ಹೆಚ್ಚಾಗಿ ಮುಂಬದಿಯನ್ನೇ.

1978ರಲ್ಲಿ ಅಮೆರಿಕದಲ್ಲಿ ಪಾಲಿಡೋರ್ ಕಂಪೆನಿ ಗಾಯಕಿ ಗ್ಲೋರಿಯಾ ಗೇನರ್ ಅವರ ಇಂಥದೊಂದು ತಟ್ಟೆಯನ್ನು ಹೊರತಂದಿತು. ಮುಂಬದಿಯಲ್ಲಿ 'ಸಬ್‌ಸ್ಟಿಟ್ಯೂಟ್', ಹಿಂಬದಿಯಲ್ಲಿ 'ಐ ವಿಲ್ ಸರ್ವೈವ್'. ಗೇನರ್ ಹಾಡಿದ 'ಸಬ್‌ಸ್ಟಿಟ್ಯೂಟ್' ಅನ್ನು ಇಂದು ನೆನೆಯುವವರು ವಿರಳ. 'ನಾನು ಬದುಕಿ ಉಳಿಯುತ್ತೇನೆ' ಎಂಬ ಅರ್ಥದ ಹಿಂಬದಿಯ ಹಾಡಾದರೋ ಇಂದಿಗೂ ಜಗತ್ತಿನ ಮೂಲೆ ಮೂಲೆಗಳಲ್ಲಿ ಕೇಳಿಬರುತ್ತಿದೆ. ಪ್ರೇಮಿ ತೊರೆದು ಹೋದ ಹೆಣ್ಣೊಬ್ಬಳು ಕುಣಿತದ ತಾಳಕ್ಕೆ ಹಾಡುವ ಈ ಹಾಡಿನ ಹಿಂದೆ ಇಬ್ಬರು ಸೋತವರ ಕತೆಯಿದೆ.

ಕೆಲಸ ಕಳೆದುಕೊಂಡವರ ಸಾಹಿತ್ಯ

ಹಾಡಿನ ಸಾಹಿತ್ಯ ಡೀನೋ ಫೆಕಾರಿಸ್ ಅವರದು. ಅವರು ಪ್ರಸಿದ್ಧ ಮೋಟೌನ್ ಕಂಪೆನಿಯಲ್ಲಿ ಸುಮಾರು ಏಳು ವರ್ಷ ಸಂಬಳಕ್ಕಿದ್ದು ಹಾಡು ಬರೆಯುತ್ತಿದ್ದವರು. ಒಂದು ದಿನ ಕಂಪೆನಿ ಅವರನ್ನು ಕೆಲಸದಿಂದ ತೆಗೆಯಿತು. ಮುಂದೇನು ಎಂದು ಮನೆಯಲ್ಲಿ ಕುಳಿತಿದ್ದ ಹೊತ್ತಿನಲ್ಲಿ ಟಿ.ವಿ. ಹಾಕಿದರೆ, ಸಿನಿಮಾವೊಂದಕ್ಕೆ ತಾವೇ ಬರೆದಿದ್ದ ಹಳೆಯ ಹಾಡು ಬರುತ್ತಿತ್ತು. ಅದನ್ನು ಶುಭಶಕುನವೆಂದು ಬಗೆದು, ಹಾಸಿಗೆಯ ಮೇಲೆ ಕುಪ್ಪಳಿಸುತ್ತಾ 'ನಾನು ಉಳಿಯುತ್ತೇನೆ' ಎಂದು ತಮಗೆ ತಾವೇ ಹೇಳಿಕೊಂಡರಂತೆ. ಮುಂದೆ ಮೋಟೌನ್‌ನ ಹಳೆಯ ಸಹೋದ್ಯೋಗಿ ಫ್ರೆಡ್ಡಿ ಪೆರೆನ್ ಅವರ ಜತೆಗೂಡಿ ಈ ಹಾಡನ್ನು ಕಟ್ಟಿದರು. ಪ್ರೇಮಭಂಗದ ಹಾಡೆಂದು ಲೋಕ ತಿಳಿದದ್ದು ಹೀಗೆ ನೌಕರಿ ಹೋದವರೊಬ್ಬರ ಮನಸ್ಸಿನಲ್ಲಿ ಮೊಳೆತದ್ದು.

ಬೆನ್ನಿಗೆ ಪಟ್ಟಿ ಬಿಗಿದು ಹಾಡಿದ್ದು

ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಹುಟ್ಟಿದ ಗ್ಲೋರಿಯಾ ಗೇನರ್ ಅದಾಗಲೇ ಹೆಸರು ಮಾಡಿದ್ದವರು. 'ನೆವರ್ ಕ್ಯಾನ್ ಸೇ ಗುಡ್‌ಬೈ' ಎಂಬ ಹಾಡಿನಿಂದ ಡಿಸ್ಕೋ ಲೋಕದಲ್ಲಿ ಮಿಂಚಿದ್ದರು. ಅದೇ ಹೆಸರಿನ ಅವರ 1975ರ ಆಲ್ಬಮ್ಮಿನ ಒಂದು ಬದಿಯ ಮೂರೂ ಹಾಡುಗಳನ್ನು ನಡುವೆ ಬಿಡುವಿಲ್ಲದಂತೆ ಜೋಡಿಸಲಾಗಿತ್ತು. ಕುಣಿಯುವವರು ನಿಲ್ಲಬೇಕಾಗಿರಲಿಲ್ಲ. ಆದರೆ ಮುಂದಿನ ಎರಡು ಮೂರು ವರ್ಷಗಳಲ್ಲಿ ಡೋನಾ ಸಮ್ಮರ್ ಮುಂತಾದವರು ಮುನ್ನೆಲೆಗೆ ಬಂದು ಗೇನರ್ ಹಿಂದೆ ಸರಿದರು.

ಇಂಥ ಹೊತ್ತಿನಲ್ಲೇ 1978ರಲ್ಲಿ ಕಾರ್ಯಕ್ರಮವೊಂದರ ನಡುವೆ ಅವರು ವೇದಿಕೆಯ ಮೇಲೆ ಬಿದ್ದರು. ಎದ್ದು ಹಾಡು ಮುಗಿಸಿದರೂ ಮರುದಿನ ಬೆಳಿಗ್ಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಬೆನ್ನುಹುರಿಯ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಆಸ್ಪತ್ರೆವಾಸ. ಕೆಲ ವರ್ಷಗಳ ಹಿಂದೆ ತಾಯಿಯನ್ನು ಕಳೆದುಕೊಂಡ ನೋವೂ ಆರಿರಲಿಲ್ಲ.

ಅಷ್ಟರಲ್ಲಿ ಕಂಪೆನಿಯವರು 'ಸಬ್‌ಸ್ಟಿಟ್ಯೂಟ್' ಹಾಡಲು ಕರೆದರು. ಹಿಂಬದಿಯ ಹಾಡಿನ ಹೊಣೆ ಪೆರೆನ್ ಮತ್ತು ಫೆಕಾರಿಸ್ ಅವರದು. ಬರೆದಿಟ್ಟ ಹಾಳೆಯನ್ನು ಮರೆತು ಬಂದಿದ್ದ ಅವರು ಕಂದು ಬಣ್ಣದ ಕಾಗದದ ಚೂರಿನ ಮೇಲೆ ಸಾಹಿತ್ಯ ಗೀಚಿಕೊಟ್ಟರೆಂದು ಗೇನರ್ ಹಲವು ಸಲ ಹೇಳಿದ್ದಾರೆ. ಓದುತ್ತಿದ್ದಂತೆಯೇ 'ಇದನ್ನು ಹಿಂಬದಿಗೆ ಹಾಕುವುದೇ?' ಎಂದು ಅವರಿಗೆ ಅಚ್ಚರಿಯಾಯಿತಂತೆ. ಅವರ ಕಣ್ಣಿಗೆ ಅಲ್ಲಿ ಪ್ರೇಮಿಗಿಂತ ಹೆಚ್ಚಾಗಿ ತಮ್ಮ ಬೆನ್ನುನೋವು ಮತ್ತು ತಾಯಿಯ ಅಗಲಿಕೆಯೇ ಕಂಡಿತ್ತು. ಬೆನ್ನಿಗೆ ಆಧಾರಪಟ್ಟಿ ಬಿಗಿದುಕೊಂಡೇ ಸ್ಟುಡಿಯೋದಲ್ಲಿ ನಿಂತು ಹಾಡಿದರು.

ಹಾಡಿನ ರಚನೆಯೂ ಸರಳ. ಆರಂಭದಲ್ಲಿ ಪಿಯಾನೋದ ಒಂದು ಓಟ, ಬಳಿಕ ತಾಳವಿಲ್ಲದೆ ನಿಧಾನವಾಗಿ ಹೇಳುವ ಒಂದೆರಡು ಸಾಲು, ಆಮೇಲೆ ಡ್ರಮ್ಮು. ಎಂಟು ಸ್ವರಮೇಳಗಳ ಒಂದೇ ಸುತ್ತು ಮೊದಲಿನಿಂದ ಕೊನೆಯವರೆಗೂ ಮರುಕಳಿಸುತ್ತದೆ, ಪಲ್ಲವಿಗೂ ಅದೇ, ಚರಣಕ್ಕೂ ಅದೇ. ಬೇರೆ ಡಿಸ್ಕೋ ಹಾಡುಗಳಲ್ಲಿ ಸಾಮಾನ್ಯವಾಗಿದ್ದ ಹಿಮ್ಮೇಳದ ದನಿಗಳು ಇಲ್ಲಿಲ್ಲ. ಕೇಳಿಸುವುದು ಒಬ್ಬಳೇ ಹೆಣ್ಣಿನ ದನಿ.

ತಟ್ಟೆ ತಿರುಗಿಸಿದವರು ಕೇಳುಗರು

ಕಂಪೆನಿ ಮುಂಬದಿಯನ್ನೇ ಪ್ರಚಾರ ಮಾಡುತ್ತಿತ್ತು. ಗೇನರ್ ಸುಮ್ಮನೆ ಕೂರಲಿಲ್ಲ. ಮುಂದೆ ತಮ್ಮನ್ನು ವರಿಸಲಿದ್ದ ಲಿನ್‌ವುಡ್ ಸೈಮನ್ ಅವರೊಂದಿಗೆ ನ್ಯೂಯಾರ್ಕಿನ ಹೆಸರಾಂತ 'ಸ್ಟುಡಿಯೋ 54' ಕ್ಲಬ್ಬಿಗೆ ತಟ್ಟೆಯನ್ನು ಒಯ್ದರು. ಅಲ್ಲಿ ಹಾಡು ನುಡಿಸುತ್ತಿದ್ದ ಡಿಸ್ಕ್ ಜಾಕಿ ರಿಚಿ ಕಾಜರ್ ಹಿಂಬದಿಯನ್ನು ಹಾಕಿದರು. ಕುಣಿಯಲು ಬಂದವರಿಗೆ ಕೂಡಲೇ ಹಿಡಿಸಿತು. ಕಾಜರ್ ತಮ್ಮ ಗೆಳೆಯರಿಗೂ ತಟ್ಟೆಗಳನ್ನು ಹಂಚಿದರು. ಕ್ಲಬ್ಬಿನಲ್ಲಿ ಕೇಳಿದವರು ರೇಡಿಯೋ ಕೇಂದ್ರಗಳಿಗೆ ಬೇಡಿಕೆ ಇಟ್ಟರು. ಕೊನೆಗೆ ಕಂಪೆನಿಯೇ ಮಣಿದು ಹಿಂಬದಿಯನ್ನು ಮುಂಬದಿ ಮಾಡಿತು. 1979ರ ಮಾರ್ಚ್‌ನಲ್ಲಿ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲೂ ಬ್ರಿಟನ್ನಿನ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿತು.

ಡಿಸ್ಕೋ ಲೋಕದಲ್ಲಿ ಹಿಂಬದಿಯ ಹಾಡು ಗೆದ್ದದ್ದು ಇದೇ ಮೊದಲಲ್ಲ ಮತ್ತು ಇನ್ನೊಂದರ ಹಿಂದಿದ್ದವರು ನಮ್ಮವರೇ ಎಂಬುದು ಉಲ್ಲೇಖನೀಯ. ಬೆಂಗಳೂರಿನಲ್ಲಿ ಹುಟ್ಟಿದ, ಕೊಡಗು ಮೂಲದ ಬಿಡ್ಡು ಅಪ್ಪಯ್ಯ 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಸಂಗೀತ ನಿರ್ಮಾಪಕರಾದವರು. ಕಾರ್ಲ್ ಡಗ್ಲಾಸ್ ಅವರಿಂದ ಹಾಡಿಸಿದ 'ಕುಂಗ್ ಫೂ ಫೈಟಿಂಗ್' ಹಿಂಬದಿಗೆಂದು ಉಳಿದ ಅಲ್ಪ ಸಮಯದಲ್ಲಿ ಧ್ವನಿಮುದ್ರಿಸಿದ ಹಾಡು. ಅದೂ 1974ರಲ್ಲಿ ಎರಡೂ ದೇಶಗಳಲ್ಲಿ ಮೊದಲ ಸ್ಥಾನ ಪಡೆಯಿತು. ಅದೇ ಬಿಡ್ಡು 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ' ಮೂಲಕ ಹಿಂದಿ ಕೇಳುಗರಿಗೂ ಡಿಸ್ಕೋ ರುಚಿ ಹತ್ತಿಸಿದರು.

ಡಿಸ್ಕೋ ಹೋಯಿತು, ಹಾಡು ಉಳಿಯಿತು

ಗೇನರ್ ಅವರ ಹಾಡು ಶಿಖರ ಮುಟ್ಟಿದ ವರ್ಷವೇ ಡಿಸ್ಕೋಗೆ ಗಂಡಾಂತರ ಬಂತು. 1979ರ ಜುಲೈ 12ರಂದು ಷಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ರೇಡಿಯೋ ಉದ್ಘೋಷಕ ಸ್ಟೀವ್ ಡಾಲ್ ಮುಂದಾಳತ್ವದಲ್ಲಿ ಡಿಸ್ಕೋ ತಟ್ಟೆಗಳ ರಾಶಿಯನ್ನು ಸ್ಫೋಟಿಸಲಾಯಿತು. ಜನ ಮೈದಾನಕ್ಕೆ ನುಗ್ಗಿ ಅಂದಿನ ಎರಡನೇ ಪಂದ್ಯವೇ ನಡೆಯಲಿಲ್ಲ. ಡಿಸ್ಕೋ ಹಾಡಿದವರಲ್ಲಿ ಕರಿಯರೂ, ಕುಣಿದವರಲ್ಲಿ ಸಲಿಂಗಕಾಮಿಗಳೂ ಬಹಳ ಮಂದಿ ಇದ್ದುದರಿಂದ ಆ ಸಿಟ್ಟು ಬರೀ ಸಂಗೀತದ ಮೇಲಿನದಾಗಿರಲಿಲ್ಲ ಎಂಬ ಮಾತು ಅಂದಿನಿಂದಲೂ ಇದೆ. 1980ರಲ್ಲಿ ಗ್ರ್ಯಾಮಿ ಪ್ರಶಸ್ತಿಯವರು 'ಅತ್ಯುತ್ತಮ ಡಿಸ್ಕೋ ಧ್ವನಿಮುದ್ರಿಕೆ' ಎಂಬ ಹೊಸ ವಿಭಾಗ ತೆರೆದು 'ಐ ವಿಲ್ ಸರ್ವೈವ್' ಅನ್ನು ಪುರಸ್ಕರಿಸಿದರು. ಮರುವರ್ಷ ಆ ವಿಭಾಗವೇ ಇರಲಿಲ್ಲ. ಆ ಪ್ರಶಸ್ತಿ ಪಡೆದ ಹಾಡು ಇದೊಂದೇ.

ಡಿಸ್ಕೋ ಹೋದ ಮೇಲೂ ಹಾಡು ಹೋಗಲಿಲ್ಲ. ಸಂಸಾರ ಮುರಿದ ಹೆಂಗಸರು, ರೋಗದಿಂದ ಚೇತರಿಸಿಕೊಂಡವರು ಇದನ್ನು ತಮ್ಮದೆಂದು ತಿಳಿದರು. ಏಡ್ಸ್ ಹೊಸದಾಗಿ ಹಬ್ಬಿ ಬಂಧುಗಳೂ ದೂರ ಸರಿಯುತ್ತಿದ್ದ ದಿನಗಳಲ್ಲಿ ಸಲಿಂಗಕಾಮಿಗಳಿಗೆ ಇದು ಧೈರ್ಯದ ಹಾಡಾಯಿತು. 1998ರ ಫುಟ್‌ಬಾಲ್ ವಿಶ್ವಕಪ್ ಗೆದ್ದ ಫ್ರಾನ್ಸ್‌ನಲ್ಲಿ ಡಚ್ ತಂಡವೊಂದು ಹಾಡಿದ ಇದರ ಇನ್ನೊಂದು ರೂಪವೇ ವಿಜಯಗೀತೆಯಾಗಿ ಬೀದಿ ಬೀದಿಗಳಲ್ಲಿ ಮೊಳಗಿತು. 2016ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಗಾಯಕಿಗೂ ಹಾಡಿನ ಮಾತು ಮತ್ತೆ ಬೇಕಾಗಿ ಬಂತು. ಅಂದು ಕ್ಲಬ್ಬಿಗೆ ಜತೆಯಾಗಿ ತಟ್ಟೆ ಒಯ್ದಿದ್ದ ಸೈಮನ್ ಅವರನ್ನು ಗೇನರ್ 1979ರಲ್ಲಿ ಮದುವೆಯಾಗಿದ್ದರು. ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲದ ಆ ದಾಂಪತ್ಯ 2005ರಲ್ಲಿ ವಿಚ್ಛೇದನದಲ್ಲಿ ಕೊನೆಗೊಂಡಿತು. ಅವರು ಹಾಡುವುದನ್ನು ಬಿಡಲಿಲ್ಲ. 2020ರ ಜನವರಿಯಲ್ಲಿ 'ಟೆಸ್ಟಿಮನಿ' ಎಂಬ ಭಕ್ತಿಗೀತೆಗಳ ಆಲ್ಬಮ್ಮಿಗೆ ಮತ್ತೊಂದು ಗ್ರ್ಯಾಮಿ ಬಂತು, ಮೊದಲನೆಯದು ಬಂದು ನಲವತ್ತು ವರ್ಷಗಳಾಗಿದ್ದವು.

ಸಂಘಗಳ ವಾರ್ಷಿಕೋತ್ಸವದ ರಸಮಂಜರಿ ಆಡಿಸಿದವರಿಗೆಲ್ಲ ಒಂದು ಅನುಭವವುಂಟು. ಯಾವ ಹಾಡು ಮೊದಲು, ಯಾವುದು ಕೊನೆಗೆ ಎಂದು ಪಟ್ಟಿ ಮಾಡುವುದು ಕಾರ್ಯಕಾರಿ ಸಮಿತಿ, ಆದರೆ 'ಒನ್ಸ್ ಮೋರ್' ಕೂಗುವುದು ಸಭಾಂಗಣದ ಹಿಂದಿನ ಸಾಲು. ಗೇನರ್ ಅವರ ಹಾಡಿಗೆ ಆ ಕೂಗು ಇನ್ನೂ ನಿಂತಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಭಯದಿಂದ ಲೋಕವೇ ಮನೆಯೊಳಗೆ ಕುಳಿತಾಗ, ಎಪ್ಪತ್ತು ದಾಟಿದ್ದ ಗೇನರ್ ನಲ್ಲಿಯ ಮುಂದೆ ನಿಂತು ಇಪ್ಪತ್ತು ಸೆಕೆಂಡು ಸಾಬೂನಿನಿಂದ ಕೈ ತೊಳೆಯುವುದನ್ನು ಇದೇ ಹಾಡಿನೊಂದಿಗೆ ತೋರಿಸಿದರು. ಅದನ್ನು ನೋಡಿ ಸಾವಿರಾರು ಮನೆಗಳಲ್ಲಿ ಜನ ಹಾಗೆಯೇ ಕೈ ತೊಳೆದರು. ಬಿಟ್ಟು ಹೋದ ಪ್ರೇಮಿಯ ನೆನಪು ಅವರಲ್ಲಿ ಎಷ್ಟು ಜನಕ್ಕಿತ್ತೋ, ಬದುಕಿ ಉಳಿಯಬೇಕೆಂಬ ಆಸೆಯಂತೂ ಎಲ್ಲರಿಗೂ ಇತ್ತು.