ಸೋಂಕಿನ ಕಾಲದಲ್ಲಿ ವಿದೇಶಿ ಪ್ರವಾಸಿಗರು
2020ರ ಮಾರ್ಚ್ ಮೊದಲ ವಾರ, ರಾಜಸ್ಥಾನ ಸುತ್ತಲು ಬಂದಿದ್ದ ಇಟಲಿಯ ತಂಡದಲ್ಲಿ ಕೊರೊನಾ ಸೋಂಕು ಪತ್ತೆಯಾಯಿತು. ಅಲ್ಲಿಂದ ಭಾರತದಲ್ಲಿ ವಿದೇಶಿಯರನ್ನು ನೋಡುವ ಕಣ್ಣೇ ಬದಲಾಯಿತು. ಮಾರ್ಚ್ 13ರಿಂದ ಪ್ರವಾಸಿ ವೀಸಾಗಳು ಅಮಾನತುಗೊಂಡವು. 25ರಿಂದ ಲಾಕ್‌ಡೌನ್. ವಿಮಾನಗಳಿಲ್ಲದೆ ಸಾವಿರಾರು ಪ್ರವಾಸಿಗರು ಇದ್ದಲ್ಲೇ ಸಿಕ್ಕಿಬಿದ್ದರು, ಅನೇಕರಿಗೆ ಹೋಟೆಲುಗಳು ಕೋಣೆ ಕೊಡಲಿಲ್ಲ.

ಋಷಿಕೇಶದ ಬಳಿ ಕೈಯಲ್ಲಿ ದುಡ್ಡು ಮುಗಿದ ಆರು ಮಂದಿ ವಿದೇಶಿಯರು ಗುಹೆಯೊಂದರಲ್ಲಿ ವಾರಗಟ್ಟಲೆ ಕಳೆದರು. ಅದೇ ಊರಿನಲ್ಲಿ ಗಂಗೆಯ ದಡದಲ್ಲಿ ಅಡ್ಡಾಡುತ್ತಿದ್ದ ವಿದೇಶಿಯರಿಂದ ಪೊಲೀಸರು ಕ್ಷಮಾಪಣೆಯ ಒಂದು ವಾಕ್ಯವನ್ನು 500 ಸಲ ಬರೆಸಿದರು. ದೊಡ್ಡವರಿಗೆ ಶಾಲೆಯ ಶಿಕ್ಷೆ!

ಭಯ ಬುಡವಿಲ್ಲದ್ದೇನಲ್ಲ. ಆರಂಭದ ವಾರಗಳಲ್ಲಿ ಸೋಂಕು ವಿಮಾನದಲ್ಲೇ ಬಂದಿತ್ತು. ಆದರೆ ವೈರಾಣು ಅಂಟುವುದು ಸಂಪರ್ಕದಿಂದ, ಪಾಸ್‌ಪೋರ್ಟಿನಿಂದಲ್ಲ. ತಿಂಗಳುಗಳಿಂದ ಇಲ್ಲೇ ಇದ್ದ ಪ್ರವಾಸಿಗನಿಂದ ಅಪಾಯ ನೆರೆಮನೆಯವನಿಗಿಂತ ಹೆಚ್ಚಿರಲಿಲ್ಲ. ಜನರ ಅನುಮಾನ ಈ ವ್ಯತ್ಯಾಸ ನೋಡಲಿಲ್ಲ, ಮುಖ ನೋಡಿತು. ಮೈಸೂರಿನ ಅಂಗಡಿಯೊಂದರಲ್ಲಿ ನಾಗಾಲ್ಯಾಂಡಿನ ಯುವಕರನ್ನು, ಅವರೂ ಭಾರತೀಯರೇ ಆಗಿದ್ದರೂ, ಒಳಗೆ ಬಿಡಲಿಲ್ಲ. ವಿದೇಶದಿಂದ ಮರಳಿದ ಕನ್ನಡಿಗರೂ ತಪ್ಪಿಸಿಕೊಳ್ಳಲಿಲ್ಲ: ಕರ್ನಾಟಕದಲ್ಲಿ ಅವರ ಕೈಗೆ ಕ್ವಾರಂಟೈನ್ ಮುದ್ರೆ ಬಿತ್ತು, ಮನೆ ವಿಳಾಸಗಳು ಬಹಿರಂಗವಾದವು. ಸೋಂಕು ತಡೆಯಲು ಮುದ್ರೆ ಸಾಕಿತ್ತು. ವಿಳಾಸ ಬಯಲು ಮಾಡಿದ್ದು ಅನ್ಯಾಯ.

ಮಾರ್ಚ್ 31ರಂದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಸಿಕ್ಕಿಬಿದ್ದ ವಿದೇಶಿಯರ ನೆರವಿಗೆ ಜಾಲತಾಣ ತೆರೆಯಿತು. ರಾಯಭಾರ ಕಚೇರಿಗಳು ಏರ್ಪಡಿಸಿದ ವಿಶೇಷ ವಿಮಾನಗಳಲ್ಲಿ ಬಹಳಷ್ಟು ಮಂದಿ ಊರು ಸೇರಿದರು.