ಹಳ್ಳ ನೋಡಲು ಬೇಸಿಗೆಯಲ್ಲಿ ಹೋಗಿ

ಹಳ್ಳದ ಆರೋಗ್ಯ ತಿಳಿಯಬೇಕಾದರೆ ಶಿವರಾತ್ರಿ ಕಳೆದ ಮೇಲೆ ಹೋಗಬೇಕು. ಮಳೆಗಾಲದಲ್ಲಿ ಕೆಟ್ಟ ಹಳ್ಳವೂ ತುಂಬಿ ಹರಿಯುತ್ತದೆ. ನೀರು ಇಳಿದಾಗಲೇ ದಡ ಕಾಣುವುದು, ದಡದಲ್ಲಿ ಬೇರಿದೆಯೋ ಬರೀ ಮಣ್ಣೋ ಗೊತ್ತಾಗುವುದು.

ಮಲೆನಾಡಿನ ಯಾವುದಾದರೂ ತೊರೆಗೆ ಇಳಿದು, ನೀರು ಸರಸರನೆ ಹರಿಯುವಲ್ಲಿ ಅಂಗೈಯಗಲದ ಕಲ್ಲೊಂದನ್ನು ಮಗುಚಿ ನೋಡಿ. ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದ ಪುಟ್ಟ ಕೊಳವೆಗಳು ಕಂಡರೆ ಅವು ಕ್ಯಾಡಿಸ್ ಹುಳುವಿನ ಮನೆ. ಬಾಲದಲ್ಲಿ ಮೂರು ಎಳೆಗಳಿರುವ ಚಪ್ಪಟೆ ಹುಳು ಪಕ್ಕಕ್ಕೆ ಸರಿದರೆ ಅದು ಮೇಫ್ಲೈ ಮರಿ. ಇವುಗಳಲ್ಲಿ ಹೆಚ್ಚಿನವಕ್ಕೆ ಆಮ್ಲಜನಕ ಹೇರಳವಾಗಿರಬೇಕು, ಕಲ್ಲುಗಳ ನಡುವೆ ಸಂದು ಬೇಕು. ಮೇಲೆ ಗುಡ್ಡ ಅಗೆದು ಮಣ್ಣು ಕೊಚ್ಚಿಬಂದರೆ ಸಂದು ಮುಚ್ಚಿ ಮೊದಲು ಇವೇ ಇಲ್ಲವಾಗುತ್ತವೆ. ನೀರು ಮಾತ್ರ ಬೇಸಿಗೆಗೆ ಮತ್ತೆ ತಿಳಿಯಾಗಿಯೇ ಕಾಣುತ್ತದೆ.

ಕಲ್ಲಿನಡಿಯಂತೆ ದಡವನ್ನೂ ಓದಬಹುದು. ಅಮೆರಿಕದ ಪಶ್ಚಿಮ ಭಾಗದಲ್ಲಿ ದನ ಮೇಯ್ದು ತೊರೆಗಳ ದಡಗಳು ಹಾಳಾಗಿದ್ದವು. ಅಲ್ಲಿನ ಭೂ ನಿರ್ವಹಣಾ ಇಲಾಖೆ 1990ರ ದಶಕದಲ್ಲಿ ಒಂದು ಪರೀಕ್ಷಾ ಕ್ರಮ ತಂದಿತು. ಹರಿಯುವ ನೀರಿಗೆ 17 ಪ್ರಶ್ನೆ. ಉತ್ತರ ಹೌದು ಅಥವಾ ಇಲ್ಲ. ನೆರೆ ಬಂದಾಗ ನೀರಿಗೆ ಅಕ್ಕಪಕ್ಕದ ಬಯಲಿನಲ್ಲಿ ಹರಡಲು ಜಾಗವಿದೆಯೇ? ದಡದಲ್ಲಿ ಎಳೆಯ ಗಿಡಗಳಿವೆಯೇ, ಮುದಿ ಮರಗಳಷ್ಟೇ ಉಳಿದಿವೆಯೇ? ಬೇರುಗಳು ಸೆಳೆತ ತಡೆಯುವಷ್ಟು ಗಟ್ಟಿಯೇ? ಪಾತ್ರ ತಳ ಕೊರೆದುಕೊಳ್ಳುತ್ತಿದೆಯೇ? ನೀರು, ಗಿಡ, ಮಣ್ಣು ಬಲ್ಲವರು ಜೊತೆಯಾಗಿ ದಡದ ಮೇಲೆ ನಡೆದು ಉತ್ತರ ಬರೆಯಬೇಕು. ಕೊನೆಗೆ ತೊರೆ ಸರಿಯಾಗಿದೆ, ಅಪಾಯದಲ್ಲಿದೆ, ಕೆಟ್ಟುಹೋಗಿದೆ ಎಂಬ ಮೂರರಲ್ಲೊಂದು ತೀರ್ಮಾನ. ನಮ್ಮ ಹಣ, ಶ್ರಮ ಮೊದಲು ಸಲ್ಲಬೇಕಾದದ್ದು ಆ ನಡುವಿನ ಗುಂಪಿಗೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೂರಾ ಕೆಟ್ಟದ್ದನ್ನು ಎತ್ತಿ ನಿಲ್ಲಿಸಲು ಕೋಟಿ ಬೇಕು. ಅಪಾಯದಲ್ಲಿರುವುದಕ್ಕೆ ಹಲವು ಸಲ ಒಂದು ಬೇಲಿ ಸಾಕು.

ನಮ್ಮಲ್ಲಿ ಆಗುತ್ತಿರುವುದು ತಿರುಗುಮುರುಗು. ಹಳ್ಳ ಸ್ವಚ್ಛ ಮಾಡುವ ಹೆಸರಿನಲ್ಲಿ ಯಂತ್ರ ಇಳಿಸಿ ಲಕ್ಕಿ, ಹೊಂಗೆ, ಕೇದಗೆಗಳನ್ನು ಬುಡಸಮೇತ ಕೀಳುತ್ತೇವೆ, ಸೊಟ್ಟ ಪಾತ್ರವನ್ನು ನೆಟ್ಟಗೆ ಮಾಡುತ್ತೇವೆ. ಆ ಸೊಟ್ಟೇ ನೀರಿನ ವೇಗಕ್ಕೆ ಕಡಿವಾಣ. ನೆಟ್ಟಗಾದ ಹಳ್ಳ ತಳ ಕೊರೆಯುತ್ತದೆ. ತಳ ಇಳಿದಂತೆ ಆಸುಪಾಸಿನ ತೋಟದ ತೇವ ಹಳ್ಳಕ್ಕೆ ಬಸಿದುಹೋಗುತ್ತದೆ, ಬಾವಿಯ ನೀರೂ ಕೆಳಗಿಳಿಯುತ್ತದೆ. ಮರಳು ತೆಗೆದರೂ ಇದೇ ಗತಿ. ಮರಳು ನೀರು ಹಿಡಿದಿಡುವ ಹಾಸಿಗೆ, ಅದನ್ನು ಲಾರಿ ಲೆಕ್ಕದಲ್ಲಿ ಮಾರಿಕೊಂಡೆವು.

ಕೆಲವೊಮ್ಮೆ ಕಾಯಿಲೆ ಪಾತ್ರದಲ್ಲೇ ಇರುವುದಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯನ್ನೇ ನೋಡಿ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ಕುಡಿಯಲು ಬಂದದ್ದು ಇದೇ ನೀರು. ಆಮೇಲೆ ಜಲಾನಯನದ ಉದ್ದಗಲಕ್ಕೂ ಬೋರ್‌ವೆಲ್ ಬಂದವು, ನೀಲಗಿರಿ ಬೆಳೆಯಿತು. ಅಂತರ್ಜಲ ಪಾತಾಳಕ್ಕಿಳಿದ ಮೇಲೆ ಬೇಸಿಗೆಯಲ್ಲಿ ನದಿಯನ್ನು ನಡೆಸುತ್ತಿದ್ದ ಒರತೆಗಳು ಬತ್ತಿದವು. ಅಲ್ಲಿ ಪಾತ್ರ ಎಷ್ಟು ಗುಡಿಸಿದರೂ ಒರತೆ ಮರಳದು. ಆ 17 ಪ್ರಶ್ನೆಗಳಲ್ಲಿ ಮೇಲಿನ ಜಲಾನಯನದ ಬಗ್ಗೆಯೂ ಒಂದಿರುವುದು ಇದಕ್ಕಾಗಿಯೇ.

ನಿಮ್ಮೂರಿನ ಹಳ್ಳಕ್ಕೆ ಈ ಬೇಸಿಗೆಯಲ್ಲಿ ಹೋದಾಗ ದಡದ ಲಕ್ಕಿಯ ಬುಡ ಹುಡುಕಿ. ಮೋಟಾಗಿದ್ದರೂ ಬೇರಿಗೆ ಜೀವವಿದ್ದರೆ, ಎರಡು ಮಳೆಗಾಲ ಬೇಲಿ ಕಟ್ಟಿ ಕಾಯಿರಿ. ಅದು ತಾನಾಗಿ ಚಿಗುರುತ್ತದೆ, ನೆರೆ ತಂದ ಮಣ್ಣನ್ನು ತನ್ನ ಬುಡದಲ್ಲೇ ಹಿಡಿದು ನಿಲ್ಲಿಸುತ್ತದೆ.